ಜೂನ್ ತಿಂಗಳ ಹಿಮ

ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ವಾಯುನೆಲೆಯಲ್ಲಿ ನಾನು ಬಾಂಬರ್ ವಿಮಾನಗಳ ರಿಪೇರಿ ಮಾಡುತ್ತಿದ್ದೆ. ದೆವ್ವಗಿವ್ವ ನಂಬುವವನಲ್ಲ.

ನಮ್ಮ ಪೈಲಟ್ ಥ್ಯಾಕ್ರೆ ಆ ಚಳಿಗಾಲ ಜರ್ಮನಿಯಿಂದ ಗುಂಡೇಟು ತಿಂದ ವಿಮಾನವನ್ನು ಹೇಗೋ ಮನೆ ಮುಟ್ಟಿಸಿದ್ದರು. ಬಾಲದ ಗಾಜಿನ ಗೂಡಿನಲ್ಲಿದ್ದ ಗನ್ನರ್ ಐವರ್ ಮಾತ್ರ ಚಳಿಗೆ ಸೆಟೆದು ಸತ್ತಿದ್ದ.

ಜೂನ್‌ನಲ್ಲಿ ಥ್ಯಾಕ್ರೆ ಶೌರ್ಯಪದಕ ತೊಟ್ಟು ಬಂದರು. ಸುಡು ಮಧ್ಯಾಹ್ನ. ವಿಮಾನದೊಳಗೆ ಕೂತಿದ್ದ ಅವರನ್ನು ಕಂಡು, "ಏನ್ ಸಾರ್, ಎದೆ ಮೇಲೆ ಬೆಳ್ಳಿ! ಇನ್ನು ನಮ್ಮನ್ನ ಮಾತಾಡಿಸ್ತೀರೋ ಇಲ್ವೋ?" ಎಂದು ರೇಗಿಸಿದೆ.

ಅವರು ನಗಲಿಲ್ಲ. "ಇದನ್ನ ಕಿವಿಗಿಡು, ಸಿರಿಲ್" ಎಂದು ಹೆಡ್‌ಫೋನ್ ಕೊಟ್ಟರು.

ವಿಮಾನದ ಬ್ಯಾಟರಿಯನ್ನು ನಾನೇ ಕಳಚಿಟ್ಟಿದ್ದೆ. ಆದರೂ ಯಾರೋ ನಡುಗುತ್ತಾ ಉಸಿರಾಡುವುದು ಕೇಳಿಸಿತು.

"ಇನ್ನೂ ಎಷ್ಟು ದೂರ, ಸಾರ್?"

ಥ್ಯಾಕ್ರೆ ಮೈಕ್ ಹಿಡಿದು, "ಬಂದೇಬಿಟ್ವಿ ಕಣೋ ಐವರ್, ನಮ್ ಕಡಲತೀರ ಕಾಣ್ತಿದೆ" ಎಂದರು.

ನಾನು ಹಿಂದಕ್ಕೆ ಹೋಗಿ ನೋಡಿದೆ. ಗೂಡಿನ ಗಾಜಿನ ಒಳಮೈಗೆ ಹಿಮ ಕಟ್ಟಿತ್ತು. ಮುಟ್ಟಿದರೆ ಬೆರಳು ಅಂಟಿಕೊಂಡಿತು.

ಥ್ಯಾಕ್ರೆಯವರ ಪಾಲಿನ ಯುದ್ಧ ಹಾರಾಟಗಳ ಸರದಿ ಮುಗಿದಿತ್ತು, ಮನೆಗೆ ಹೋಗಬಹುದಿತ್ತು. ಅವರು ಮತ್ತೊಂದು ಸರದಿಗೆ ಹೆಸರು ಕೊಟ್ಟರು. "ಅವನನ್ನ ಇಳಿಸದೆ ಹ್ಯಾಗಯ್ಯಾ ಹೋಗ್ಲಿ?" ಎಂದರು.

ಆ ಮಧ್ಯಾಹ್ನ ಹಿಮ ಕಟ್ಟಿದ ವಿಮಾನ ಹೊಸದು, ಕಾರ್ಖಾನೆಯಿಂದ ಬಂದದ್ದೇ ಅದರ ಹಿಂದಿನ ದಿನ. ಐವರ್ ಅದರೊಳಗೆ ಕಾಲಿಟ್ಟವನೇ ಅಲ್ಲ.