ತಣ್ಣಗಾದ ಕಾವುಪೆಟ್ಟಿಗೆ

“ದೀಪ ಉರೀತಾನೇ ಇತ್ತು ಅತ್ತೆ, ಮೊಟ್ಟೆ ಮಾತ್ರ ಕಲ್ಲಿನ ಹಾಗೆ ತಣ್ಣಗಿದ್ವು. ಹೇಳಿದ್ರೆ ಯಾರು ನಂಬ್ತಾರೆ?”

ಕೊಕ್ಕರೆಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಊರಿನ ಪಕ್ಷಿ ಸಂರಕ್ಷಣಾ ಕೇಂದ್ರದಲ್ಲಿ ಮುಖ್ಯಸ್ಥರಾದ ಸಾಹೇಬರನ್ನು ಬಿಟ್ಟರೆ ದುಡಿಯುವವಳು ಅವಳೊಬ್ಬಳೇ, ಅದೂ ಗುತ್ತಿಗೆಯ ಮೇಲೆ. ಕೆರೆಯಂಚಿನ ಸಿಬ್ಬಂದಿ ಮನೆಗಳಲ್ಲಿ ಅವಳದೊಂದನ್ನು ಬಿಟ್ಟು ಉಳಿದವಕ್ಕೆ ವರ್ಷಗಳಿಂದ ಬೀಗ. ಈಗ ದೀಪದ ಶಾಖದಲ್ಲಿ ಮರಿ ಮಾಡಿಸುವ ಕಾವುಪೆಟ್ಟಿಗೆಯೊಳಗಿದ್ದ ಅಪರೂಪದ ಕೊಕ್ಕರೆಯ ಮೊಟ್ಟೆಗಳೆಲ್ಲ ಒಂದೇ ಚಳಿರಾತ್ರಿಯಲ್ಲಿ ಸತ್ತಿದ್ದವು. ಇವಳೇ ದೀಪ ಆರಿಸಿ ಮಲಗಿ ಬೆಳಿಗ್ಗೆ ಮತ್ತೆ ಹಾಕಿದ್ದಾಳೆಂದು ಸಾಹೇಬರು ದೂರಿದ್ದರು. ತಪಾಸಣೆಗೆಂದು ನಿನ್ನೆ ಬಂದಿದ್ದ ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆ ಮಧ್ಯಾಹ್ನ ಹೊರಡುವ ಮೊದಲೇ ಅವಳ ಕೆಲಸ ಹೋಗಲಿತ್ತು.

ನಿವೃತ್ತ ಇನ್‌ಸ್ಪೆಕ್ಟರ್, ಊರಿಗೆಲ್ಲ ಪೊಲೀಸತ್ತೆ, ಚಪ್ಪಲಿ ಮೆಟ್ಟಿದರು. ಅವರ ಅಳಿಯ ಎಂದಿನಂತೆ ನೆರಳಾಗಿ ಹಿಂದೆ ನಡೆದ.  ಅತ್ತೆಗೂ ಈ ಸಲ ದಾರಿ ಸಿಗದೇನೋ ಎಂದು ಅವನಿಗೆ ಭಯ.

ಕಾವುಪೆಟ್ಟಿಗೆಯ ಕೋಣೆಗೆ ಇದ್ದದ್ದು ಎರಡೇ ಬೀಗದ ಕೈ, ಅಕ್ಕನದೊಂದು, ಸಾಹೇಬರದೊಂದು. ರಾತ್ರಿ ಸಾಹೇಬರು ಅವಳನ್ನು ಅಧ್ಯಕ್ಷೆ ತಂಗಿದ್ದ ಅತಿಥಿಗೃಹಕ್ಕೆ ಕರೆಸಿ ಬಡಿಸಲು, ಪಾತ್ರೆ ತೊಳೆಯಲು ಹಚ್ಚಿದ್ದರಂತೆ. ನಿದ್ದೆಗಣ್ಣಲ್ಲೇ ಮನೆಗೆ ಬಂದು ಬಿದ್ದವಳಿಗೆ ಬೆಳಗಾದದ್ದಷ್ಟೇ ಗೊತ್ತು.

ಅಧ್ಯಕ್ಷೆಯನ್ನು ವಿಚಾರಿಸಿದಾಗ, ಸಿಬ್ಬಂದಿಯೆಲ್ಲ ಬೆಳಿಗ್ಗೆಯೇ ಗಸ್ತಿಗೆ ಹೋಗಿದ್ದಾರೆಂದು ಸಾಹೇಬರು ಹೇಳಿದರಲ್ಲ ಎಂದರು. ರಾತ್ರಿ ಅತಿಥಿಗೃಹದ ಜಗುಲಿಯಿಂದ ಸಿಬ್ಬಂದಿಯ ಎಲ್ಲ ಮನೆಗಳಲ್ಲೂ ಬೆಳಕು ಕಂಡು ಸಮಾಧಾನವಾಗಿತ್ತಂತೆ. ಕೊನೆಯ ಮನೆಯದು ಮಾತ್ರ ಸ್ವಲ್ಪ ಕೆಂಪಗಿತ್ತಂತೆ.

ಅತ್ತೆ ನೆಟ್ಟಗೆ ಆ ಕೊನೆಯ ಮನೆಗೆ ಹೋಗಿ ಕಿಟಕಿಯಲ್ಲಿ ಇಣುಕಿದರು. ಅಳಿಯನೂ ಇಣುಕಿದ. ಮೇಲೆ ಬಲ್ಬಿನ ಹೋಲ್ಡರ್ ಖಾಲಿ. ಅದರ ಸುತ್ತಲಿನ ಪ್ಲಾಸ್ಟಿಕ್ ಶೇಡು ಮೇಣದಂತೆ ಕರಗಿ ಜೋತುಬಿದ್ದಿತ್ತು.

ಎಲ್ಲರನ್ನೂ ಕಚೇರಿಯಲ್ಲಿ ಕೂರಿಸಿ ಅತ್ತೆ ಮಾತು ತೆಗೆದರು. ಬೀಗ ಹಾಕಿದ ಮನೆಗಳಲ್ಲಿ ಬೆಳಕು ಕಂಡಿತೆಂದರೆ ಯಾರೋ ಬೇಕೆಂದೇ ದೀಪ ಹಚ್ಚಿದ್ದಾರೆ. ಕೊನೆಯ ಮನೆಗೆ ಬಲ್ಬು ಸಾಲಲಿಲ್ಲ. ಸಾಧಾರಣ ಬಲ್ಬು ಕೆಂಪಗೆ ಉರಿಯುವುದಿಲ್ಲ, ಪ್ಲಾಸ್ಟಿಕ್ಕನ್ನು ಹಾಗೆ ಕರಗಿಸುವುದೂ ಇಲ್ಲ. ಅಲ್ಲಿ ಉರಿದದ್ದು ಮೊಟ್ಟೆಗೆ ಕಾವು ಕೊಡುವ ಬಲ್ಬು. ಬೆಳಗಿನ ಜಾವ ಅದು ಪೆಟ್ಟಿಗೆಗೆ ಮರಳಿತು. ಅದಕ್ಕೇ ದೀಪ ಉರಿಯುತ್ತಿತ್ತು, ಮೊಟ್ಟೆ ತಣ್ಣಗಿದ್ದವು. ಕಾವುಪೆಟ್ಟಿಗೆ ಕೋಣೆಯ ಬೀಗ ಒಡೆದಿಲ್ಲ, ಬಲ್ಬು ತೆಗೆದ ಹೊತ್ತಿಗೆ ಅಕ್ಕ ಅತಿಥಿಗೃಹದಲ್ಲಿ ಬಡಿಸುತ್ತಿದ್ದಳು.

“ಉಳಿದದ್ದು ನಿಮ್ಮ ಬೀಗದ ಕೈ, ಸಾಹೇಬ್ರೇ.”

ಸಾಹೇಬರು ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. “ಜನ ಕೊಡಿ ಅಂತ ಬರೆದೂ ಬರೆದೂ ಸಾಕಾಯ್ತು. ಆಳಿಲ್ಲದ ಕೇಂದ್ರ ಮುಚ್ಚಿಬಿಡಿ ಅಂತ ಮೇಲಿಂದ ಮಾತು ಬಂತು. ಎಲ್ಲ ಭರ್ತಿ ಅಂತ ಸುಳ್ಳು ಹೇಳಿದೆ. ನೀವು ಒಂದು ದಿನ ಮೊದಲೇ ಬಂದ್ರಿ ಮೇಡಂ, ಇನ್ನೊಂದು ಬಲ್ಬಿಗೆ ಅಂತ ಪೇಟೆಗೆ ಓಡೋಕೆ ಹೊತ್ತಿರಲಿಲ್ಲ. ಕಾವಿನ ಬಲ್ಬು ಅರ್ಧ ಗಂಟೆ ಸಾಕು ಅಂದ್ಕೊಂಡೆ. ನೀವು ಜಗುಲಿ ಬಿಟ್ಟು ಏಳಲೇ ಇಲ್ಲ ಮೇಡಂ.”

“ತಪ್ಪನ್ನ ಇವಳ ತಲೆಗೆ ಯಾಕೆ ಕಟ್ಟಿದ್ರಿ?” ಎಂದರು ಅತ್ತೆ.



ಅಧ್ಯಕ್ಷೆ ಅಲ್ಲೇ ಸಾಹೇಬರನ್ನು ಅಮಾನತಿನಲ್ಲಿಟ್ಟರು. ಅವರ ಜಾಗಕ್ಕೆ ಯಾರು ಬರುತ್ತಾರೆಂದು ಅಳಿಯ ಮೆಲ್ಲಗೆ ಕೇಳಿದ್ದಕ್ಕೆ, ಸದ್ಯಕ್ಕೆ ಯಾರೂ ಇಲ್ಲ ಎಂದು ಕನ್ನಡಕ ಒರೆಸಿಕೊಂಡರು. ಆಮೇಲೆ ಅಕ್ಕನ ಕಡೆ ತಿರುಗಿ, “ನಿನ್ನ ಕೆಲಸ ಉಳೀತಮ್ಮ,” ಎಂದರು.

“ಉಳೀತು ಮೇಡಂ, ಸಾಹೇಬ್ರ ಕೆಲಸಾನೂ ನನಗೇ ಉಳೀತು,” ಎಂದಳು ಅಕ್ಕ.

ಹೊರಗೆ ಕೊಕ್ಕರೆಗಳು ಹಸಿದು ಕೊಕ್ಕು ಕಟಕಟಿಸುತ್ತಿದ್ದವು. ಅಕ್ಕ ಮೀನಿನ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಕೆರೆಯ ಕಡೆ ಇಳಿದಳು.