ಹೂವಿನ ಕೊಟ್ಟಿಗೆಯಲ್ಲಿ ಸೀನಿದವನು

"ಮನೇಲಿ ಇರೋದು ಮೂರು ಬಾಯಿ, ಗಂಜಿ ಬೇಯೋದು ನಾಲ್ಕು ಬಾಯಿಗೆ! ಹೇಳೇ ನ್ಯಗುಥಿ, ಆ ನಾಲ್ಕನೇ ಬಾಯಿ ಯಾವನದು?"

ಅತ್ತೆ ಖಾಲಿ ಸೋರೆಬುರುಡೆಯನ್ನು ಸೊಸೆಯ ಮುಂದೆ ಕುಕ್ಕಿದಳು. ನ್ಯಗುಥಿ ಒಲೆಯ ಬೂದಿ ಕೆದಕಿದಳು. ಗಂಡ ಕಮೊಥೊನನ್ನು ಬಿಳಿ ದೊರೆಗಳ ಯುದ್ಧಕ್ಕೆಂದು ಲಾರಿಗೆ ತುಂಬಿಕೊಂಡು ಹೋಗಿ ಒಂದು ಮಳೆಗಾಲವೇ ಕಳೆದಿತ್ತು. ಅಂಥದ್ದರಲ್ಲಿ ಸೊಸೆ ಮೈಗೆ ಹರಳೆಣ್ಣೆ ಹಚ್ಚಿ, ಹೂ ಬಿಡಿಸುತ್ತ ತನ್ನಷ್ಟಕ್ಕೆ ನಗುತ್ತಿದ್ದರೆ ಯಾವ ಅತ್ತೆಗೆ ತಾನೇ ಸಹನೆಯಾದೀತು? ಎಂಟು ವರ್ಷದ ಮಗಳು ಗಥೋನಿಗೂ ಅಮ್ಮನ ಮೇಲೆ ಗುಮಾನಿ ಹುಟ್ಟಿತ್ತು.

"ನನ್ನ ಹೆಸರು ಹೊತ್ತವಳು ನೀನು. ಅವಳ ಬೆನ್ನು ಬಿಡಬೇಡ," ಎಂದಳು ಅಜ್ಜಿ.

ಮಧ್ಯಾಹ್ನ ನ್ಯಗುಥಿ ಬುಟ್ಟಿ ಹೊತ್ತು ದೊರೆಯ ಹೂ ಒಣಗಿಸುವ ಕೊಟ್ಟಿಗೆ ಹೊಕ್ಕಳು. ಹಿಂದೆ ಗಥೋನಿ, ಅವಳ ಹಿಂದೆ ಅಜ್ಜಿ. ಸೊಳ್ಳೆ ಕೊಲ್ಲುವ ಆ ಹೂವಿನ ಧೂಳು ಮೂಗಿಗೆ ಹೊಕ್ಕರೆ ಯಾರೂ ತಡೆಯಲಾರರು. ಒಳಗೊಬ್ಬ ಗಂಡಸು ಸೀನಿದ!

"ಸಿಕ್ಕಿಬಿದ್ಳು! ಬನ್ರೇ, ಎಲ್ಲಾ ಬನ್ರೇ!" ಅಜ್ಜಿ ಕೂಗಿಯೇಬಿಟ್ಟಳು.

ಹಲಗೆಯ ಸಂದಿಯಲ್ಲಿ ಇಣುಕಿದ ಗಥೋನಿ ಅಜ್ಜಿಯ ಕೈ ಎಳೆದು ಪಿಸುಗುಟ್ಟಿದಳು. "ಅಜ್ಜೀ... ಕೂಗಬೇಡ... ಅಪ್ಪ ಅದು!"

ಅಯ್ಯೋ, ಆಡಿದ ಮಾತು ಹಿಂದಕ್ಕೆ ಬರುತ್ತದೆಯೇ? ತೋಟದ ಮೇಸ್ತ್ರಿ ಒಡೆರೊ ಕೋಲು ಹಿಡಿದು ಓಡಿಬಂದ. "ಯಾರು ಒಳಗೆ? ಸೈನ್ಯದಿಂದ ಓಡಿಬಂದೋನಾದ್ರೆ ಅವನಿಗೆ ಜೈಲು. ನಿಮ್ಮ ಗುಡಿಸಲಿಗೆ ಬೆಂಕಿ!"

ನ್ಯಗುಥಿ ಬಾಗಿಲಿಗೆ ಅಡ್ಡ ನಿಂತಳು. ಬೇಕೆಂದೇ ಹೊದ್ದ ಬಟ್ಟೆ ಕೆದರಿಕೊಂಡಿದ್ದಳು. "ನನ್ನ ಗೆಳೆಯ ಬಂದಿದ್ದ. ಪಕ್ಕದ ತೋಟದ ದನಗಾಹಿ. ಹಿಂದಿನಿಂದ ಓಡಿಹೋದ."

ನೆರೆದ ಹೆಂಗಸರು ಬಾಯಿಗೆ ಕೈ ಇಟ್ಟರು. ಒಡೆರೊ ಮುದುಕಿಯತ್ತ ತಿರುಗಿದ. "ಹೌದೇನಜ್ಜೀ? ನೀನೇ ಕಣ್ಣಾರೆ ಕಂಡೆಯಾ?"

ಮುದುಕಿ ಸೊಸೆಯ ಮುಖ ನೋಡಿದಳು. ಮಗನೋ, ಸೊಸೆಯ ಮಾನವೋ...! ಕೈಯೆತ್ತಿ ಸೊಸೆಯ ಕೆನ್ನೆಗೆ ಬಾರಿಸಿದಳು. "ಕಂಡೆ! ನನ್ನ ಮಗ ಅಲ್ಲಿ ಗುಂಡಿಗೆ ಎದೆ ಕೊಡ್ತಿದ್ರೆ, ಈ ಮನೆಹಾಳಿ..." ಕಣ್ಣೀರು ಮಾತ್ರ ನಿಜವಾಗಿತ್ತು.

"ಥೂ, ಮನೆ ಜಗಳ ಮನೇಲಿಟ್ಕೊಳ್ಳಿ," ಎಂದು ಒಡೆರೊ ನಗುತ್ತ ಹೊರಟುಹೋದ.

ಎಲ್ಲರೂ ಚದುರಿದ ಮೇಲೆ ಕಮೊಥೊ ಕೊಟ್ಟಿಗೆಯಿಂದ ಜಾರಿ, ಗುಡ್ಡ ದಾಟಿ, ದನ ಮೇಯಿಸುವ ಮಸಾಯಿ ಜನರ ಸೀಮೆ ಸೇರಿದ. ಆ ಸಂಜೆ ಒಲೆಯ ಮುಂದೆ ಅತ್ತೆ ಸೊಸೆಯ ಹೊದ್ದ ಬಟ್ಟೆ ಸರಿಸಿ, ಹಿರಿಯರು ಮಕ್ಕಳನ್ನು ಹರಸುವ ಹಾಗೆ ಅವಳ ಎದೆಗೆ ಮೆಲ್ಲನೆ ಉಗುಳು ಹಚ್ಚಿದಳು. "ನನ್ನ ತಾಯೀ... ನಾಳೆಯಿಂದ ಎಲ್ಲರೆದುರು ಬೈತೀನಿ. ಸಹಿಸ್ಕೋ."

ಮರುದಿನ ಹೂವಿನ ಸಾಲಿನಲ್ಲಿ ನೆರೆಯವಳೊಬ್ಬಳು ಗಥೋನಿಯ ಗಲ್ಲ ಹಿಡಿದು ಕೇಳಿದಳು: "ನಿಮ್ಮಮ್ಮ ಅಂಥೋಳಂತೆ... ನಿಜವೇನೇ?"

ಪಕ್ಕದ ಸಾಲಿನಲ್ಲಿ ಅಮ್ಮನ ಕೈ ನಿಂತಿತು.

"ನಿಜ," ಎಂದಳು ಗಥೋನಿ.

ಅಮ್ಮ ಮತ್ತೆ ಹೂ ಬಿಡಿಸತೊಡಗಿದಳು.