ಕೊನೆಯ ಗಂಟು

“ಕೊನೇ ಗಂಟು ಬಿಚ್ಚಬೇಡ ಕಣಮ್ಮ. ಮೊಳ ನೂಲು ಬಿಟ್ಟು ಕತ್ತರಿಸು, ಒಲೆಗೆ ಹಾಕು.”

ನೂಲಜ್ಜಿ ಹೀಗೆಂದಾಗ ಅಕ್ಕ ನಕ್ಕುಬಿಟ್ಟಳು. ಆಕಾಶ ಬೂದಿಯಾಗಿ ನೆಲಕ್ಕಿಳಿದು, ಸೂರ್ಯ ಮಸಿಬಟ್ಟೆಯ ಹಿಂದಿನ ದೀಪದಂತಾದ ಮೇಲೆ, ಪಾಳು ಊರುಗಳನ್ನು ದಾಟಿ ತಮ್ಮನನ್ನು ಬದುಕಿಸಿಕೊಂಡು ಬಂದ ಹುಡುಗಿ ಅವಳು. ಈ ಶೆಡ್ಡಿಗೆ ಹೊಸಬಳು.

ಸತ್ತವರ ಮನೆಗಳಿಂದ ತಂದ ಸ್ವೆಟರುಗಳನ್ನು ಬಿಚ್ಚಿ, ನೂಲು ತೊಳೆದು, ಬದುಕಿದವರಿಗೆ ಮತ್ತೆ ಹೆಣೆಯುವುದು ಅಲ್ಲಿಯ ಕೆಲಸ. ಹೆಣೆದವರು ಮೊದಲು ಹಾಕಿದ ಗಂಟು ಬಿಚ್ಚುವವರಿಗೆ ಕೊನೆಯಲ್ಲಿ ಸಿಗುತ್ತದೆ. ತೊಟ್ಟವರ ಪ್ರಾಣ ಅದರಲ್ಲಿ ಸಿಕ್ಕಿಕೊಂಡಿರುತ್ತದೆ, ಬಿಚ್ಚಿದರೆ ಅದು ಮೈ ಹುಡುಕುತ್ತದೆ ಎಂಬುದು ಅಲ್ಲಿಯವರ ಅಂಜಿಕೆ.

“ಪ್ರಾಣಾನೇ ಉಳಿಸ್ಕೊಳ್ಳೋಕೆ ಆಗದವರು ಮೊಳ ನೂಲು ಇಟ್ಕೊಂಡು ಏನ್ ಮಾಡ್ತಾರಜ್ಜಿ?”

ಹೆಂಗಸರು ಯಾರೂ ನಗಲಿಲ್ಲ. ಪಕ್ಕದವಳು ತನ್ನ ಉಂಡೆಯನ್ನು ಮೆಲ್ಲಗೆ ದೂರ ಸರಿಸಿಕೊಂಡಳು.

ದಾರಿಯಲ್ಲಿ ಅಕ್ಕ ಕಲಿತದ್ದು ಎರಡೇ: ಏನನ್ನೂ ಎಸೆಯಬಾರದು, ತಮ್ಮನನ್ನು ಬಿಡಬಾರದು. ಬೂದಿಗಾಳಿ ಎದ್ದು ತನ್ನ ಕೈ ತನಗೇ ಕಾಣದಾದಾಗ ಇಬ್ಬರ ಮಣಿಕಟ್ಟಿಗೂ ಒಂದೇ ಹಗ್ಗ ಕಟ್ಟಿ ನಡೆಯುತ್ತಿದ್ದಳು. ಬಾಯಿ ತೆರೆದರೆ ಬೂದಿ ನುಗ್ಗುತ್ತಿತ್ತು, ಹಗ್ಗವೇ ಮಾತು. ಎರಡು ಸಲ ಜಗ್ಗಿದರೆ, ಬಿದ್ದಿದ್ದೇನೆ, ಎಳೆ ಎಂದು ಅರ್ಥ. “ನೋವು ಅಂತ ನಾನು ಕೂಗ್ಕೊಂಡ್ರೂ ನಿಲ್ಲಿಸ್ಬೇಡ ಗುಬ್ಬಿ, ಎಳೀತಾನೇ ಇರು,” ಎಂದು ಅವನಿಗೆ ಬಾಯಿಪಾಠ ಮಾಡಿಸಿದ್ದಳು. ಒಮ್ಮೆ ಕುಸಿದ ಸೇತುವೆಯ ಅಂಚಿನಿಂದ ಅವನು ಅವಳನ್ನು ಹಾಗೆಯೇ ಎಳೆದು ಉಳಿಸಿದ್ದ.

ಈಗ ಅವನಿಗಾಗಿ ಹೆಣೆಯುತ್ತಿದ್ದ ಸ್ವೆಟರಿನ ಎಡತೋಳಿಗೆ ಕೊನೆಯ ಸಾಲಿನಷ್ಟು ನೂಲು ಸಾಲದೆ ಬಂತು. ಚಳಿಗೆ ಗುಬ್ಬಿಯ ಬೆರಳುಗಳು ನೀಲಿಗಟ್ಟಿದ್ದವು. ಒಲೆಗೆ ಹಾಕಲೆಂದು ಕತ್ತರಿಸಿಟ್ಟ ಮೊಳ ನೂಲು ಎದುರಿಗೇ ಬಿದ್ದಿತ್ತು, ಗಂಟಿನ ಸಮೇತ. ಅಜ್ಜಿ ಬೆನ್ನು ತಿರುಗಿಸಿದ್ದೇ ತಡ, ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು.

ಹಳಸಿದ ಹಾಲಿನ ವಾಸನೆ ಬಂತು. ಯಾರೋ ಬಹುಕಾಲ ಹಿಡಿದಿಟ್ಟಿದ್ದ ಉಸಿರನ್ನು ಅವಳ ಕಿವಿಯ ಪಕ್ಕದಲ್ಲೇ ಬಿಟ್ಟ ಹಾಗಾಯಿತು. ತಲೆ ಕೊಡವಿ ಸಾಲು ಮುಗಿಸಿದಳು.

“ಬೆಚ್ಚಗಿದೆ ಅಕ್ಕಾ,” ಎಂದ ಗುಬ್ಬಿ. “ನನಗಿಂತ ಮುಂಚೆ ಯಾರೋ ಒಳಗೆ ಕೂತಿದ್ದ ಹಾಗಿದೆ.”

“ಹಾಗಿದ್ರೆ ಬಾಡಿಗೆ ಕೇಳು.”

ಮಧ್ಯಾಹ್ನ ಬೂದಿಗಾಳಿ ಎದ್ದಿತು. ಹೆಂಗಸರು ಒಳಮನೆಗೆ ಓಡಿದರು. ಶೆಡ್ಡಿನಲ್ಲಿ ಬೆಳಕು ಇಂಗುತ್ತಿದ್ದಂತೆ ಗುಬ್ಬಿ ಎಡಗೈಯನ್ನು ಅಕ್ಕನ ಮುಂದೆ ಹಿಡಿದ. ಕಿರುಬೆರಳಿನ ಉಗುರಿನಿಂದ ಒಂದು ಎಳೆ ಹೊರಟಿತ್ತು. ರಕ್ತವಿಲ್ಲ, ನೋವಿಲ್ಲ. ಬೆರಳು ಸುತ್ತುಸುತ್ತಾಗಿ ಬಿಚ್ಚಿಕೊಳ್ಳುತ್ತಿತ್ತು. ಎಳೆ ನೆಲದ ಮೇಲೆ ಹರಿದು ಮೂಲೆಯ ಕತ್ತಲೆಗೆ ಹೋಗುತ್ತಿತ್ತು. ಆ ಕತ್ತಲೆಯಲ್ಲಿ ಹೆಣಿಗೆಯ ಕಡ್ಡಿಗಳು ಒಂದಕ್ಕೊಂದು ತಾಗುವ ಸದ್ದು. ಟಕ್. ಟಕ್. ಯಾರೋ ತಮಗೊಂದು ಮೈ ಹೆಣೆದುಕೊಳ್ಳುತ್ತಿದ್ದರು.

ಅವಳ ಚೀರಾಟಕ್ಕೆ ನೂಲಜ್ಜಿ ದೀಪ ಹಿಡಿದು ಬಂದಳು. ನೋಡಿದಳು. ಬೈಯಲಿಲ್ಲ; ಬೈದಿದ್ದರೆ ಎಷ್ಟೋ ಧೈರ್ಯವಾಗುತ್ತಿತ್ತು.

“ಎಳೆ ಕತ್ತರಿಸಿ, ಇವನ ಕಡೆಯ ತುದೀನ ನಿನ್ನ ಮಣಿಕಟ್ಟಿಗೆ ಕಟ್ಕೋ. ಒಡಹುಟ್ಟಿದವರ ಮೈಗೆ ಕಟ್ಟಿದ್ರೆ ನಿಲ್ಲುತ್ತೆ. ಗಾಳಿ ಇಳಿಯೋವರೆಗೂ ಯಾರೂ ಅದನ್ನ ಎಳೀಬಾರ್ದು. ಎಳೆದ್ರೆ ನೀನು ಬಿಚ್ಕೋತೀಯ.”

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಕತ್ತರಿಸಿ ಬಿಗಿದು ಕಟ್ಟಿದಳು. ಬೆರಳು ಬಿಚ್ಚಿಕೊಳ್ಳುವುದು ಅಲ್ಲಿಗೇ ನಿಂತಿತು. ಕಡ್ಡಿಗಳ ಸದ್ದೂ ನಿಂತಿತು. ಅಜ್ಜಿ ಬಾಗಿಲು ಭದ್ರ ಮಾಡಲು ಹೋದಳು.

ಆಗ ಚಾವಣಿಯ ತಗಡು ಕಿತ್ತು ಹಾರಿತು. ದೀಪ ಆರಿತು. ಬೂದಿ ಸುರಿಯಿತು.

ಕಗ್ಗತ್ತಲು.

ಇಬ್ಬರ ನಡುವಿನ ಎಳೆ ಅಲುಗಿತು. ಅಕ್ಕ ಅಲುಗಿರಲಿಲ್ಲ. ತಣ್ಣನೆಯದೊಂದು ಕೈ ಎಳೆಯನ್ನು ನಡುವೆ ಹಿಡಿದಿತ್ತು. ಹಳಸಿದ ಹಾಲಿನ ವಾಸನೆ.

ಅದು ಗುಬ್ಬಿಯ ಕಡೆಗೆ ಜಗ್ಗಿತು. ಒಂದು ಸಲ. ಇನ್ನೊಂದು ಸಲ.

“ಬಂದೆ ಅಕ್ಕಾ,” ಎಂದ ಗುಬ್ಬಿ, ಅಜ್ಜಿಯ ಎಚ್ಚರಿಕೆ ಮರೆತು.

ಎಳೆದ.

“ಬೇಡ ಕಣೋ, ಜಗ್ಗಿದ್ದು ನಾನಲ್ಲ,” ಎಂದು ಕೂಗಿದಳು. ಬಾಯಿ ತುಂಬ ಬೂದಿ. ಕೂಗಿದರೂ ನಿಲ್ಲಿಸಬೇಡ ಎಂದು ಕಲಿಸಿದವಳು ಅವಳೇ. ಅವಳ ಬೆರಳು ಹೋಯಿತು. ಅಂಗೈ ಹೋಯಿತು. ಮೊಣಕೈ. ಭುಜ. ಅವನು ಅಳುತ್ತಿದ್ದ. ಹಲ್ಲು ಕಚ್ಚಿ ಎಳೆಯುತ್ತಿದ್ದ. “ಬಿಡಲ್ಲ ಅಕ್ಕಾ, ಬಿಡಲ್ಲ.” ಗಂಟಲು ಹೋಯಿತು. ಕಣ್ಣು ಹೋಯಿತು.

ಗಾಳಿ ಇಳಿದಾಗ ಗುಬ್ಬಿಯ ಮಡಿಲಲ್ಲಿ ಬೆಚ್ಚನೆಯ ನೂಲಿನ ರಾಶಿಯಿತ್ತು. ಅದರ ತುದಿಯಲ್ಲಿ ಅವಳು ಕಟ್ಟಿಕೊಂಡಿದ್ದ ಗಂಟು.

“ಗಂಟು ಕೊಟ್ಬಿಡು ಮಗಾ, ಒಲೆಗೆ ಹಾಕೋಣ. ಅವಳಿಗೂ ಬಿಡುಗಡೆ ಆಗ್ಲಿ,” ಎಂದಳು ನೂಲಜ್ಜಿ.

ಅವಳು ಆ ಗಂಟಿನೊಳಗಿದ್ದಳು. ಎಲ್ಲವೂ ಕೇಳಿಸುತ್ತಿತ್ತು. ಕೊಟ್ಟುಬಿಡು ಗುಬ್ಬಿ, ಕೊಟ್ಟುಬಿಡು. ಹೇಳಲು ಬಾಯಿರಲಿಲ್ಲ. ಅಲ್ಲಿ ಚಳಿಯಿತ್ತು, ಬೂದಿಯ ದಾರಿಯಲ್ಲೂ ಕಾಣದಂಥ ಚಳಿ. ಆ ಇನ್ನೊಬ್ಬರು ಯಾಕೆ ಮೈಗಾಗಿ ಅಷ್ಟು ಹಪಹಪಿಸಿದರೆಂದು ಈಗ ಅವಳಿಗೆ ತಿಳಿಯಿತು.

ಗುಬ್ಬಿ ಬೇರೊಂದು ತುಂಡು ನೂಲಿಗೆ ಗಂಟು ಹಾಕಿ ಅಜ್ಜಿಯ ಕೈಗಿತ್ತ. ಒಲೆ ಅದನ್ನು ನುಂಗಿತು. ಅಜ್ಜಿ ಬೆನ್ನು ತಿರುಗಿಸಿದ್ದೇ ತಡ, ಅಕ್ಕನ ಗಂಟನ್ನು ಹಲ್ಲಿನ ನಡುವೆ ಇಟ್ಟುಕೊಂಡ.

“ಬಿಡಿಸ್ತೀನಿ ಅಕ್ಕಾ.”

ಅವನ ಉಸಿರು ತಾಗಿತು. ಬೇಡವೆನ್ನಬೇಕು ಎಂದುಕೊಂಡಳು. ಗಂಟನ್ನು ಬಿಗಿ ಹಿಡಿಯಬೇಕು ಎಂದುಕೊಂಡಳು. ಆದರೆ ಆ ಉಸಿರು ಎಷ್ಟು ಬೆಚ್ಚಗಿತ್ತು.

ಅವಳೇ ಒಳಗಿನಿಂದ ಗಂಟನ್ನು ಸಡಿಲಿಸಿಕೊಟ್ಟಳು.